ಗಾಜಿನ ಬಾಗಿಲು

ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಮನೆಗಳನ್ನು ನೋಡಿದವರಿಗೆ ಅವುಗಳ ದಪ್ಪ ಕಲ್ಲುಗೋಡೆ, ಗಿಡ್ಡ ಬಾಗಿಲು, ಎತ್ತರದ ಹೊಸ್ತಿಲು ನೆನಪಿರುವುವಷ್ಟೆ. ಒಳಹೋಗುವವನು ತಲೆ ಬಾಗಬೇಕು, ಕಾಲೆತ್ತಿ ಇಡಬೇಕು. ಬಾಗಿಲು ತನ್ನ ಇರವನ್ನು ತಾನೇ ಸಾರುವುದು. ಈಚಿನ ಮನೆಗಳಲ್ಲಿ ನೆಲ ಮುಟ್ಟುವ ಗಾಜಿನ ಬಾಗಿಲುಗಳೂ ಪಡಸಾಲೆಯನ್ನು ಭಾಗಿಸುವ ಗಾಜಿನ ತಡಿಕೆಗಳೂ ಬಂದಿವೆ. ಮನೆಗೆ ಬೆಳಕು ಬಂದಿತೆಂದು ನಾವೂ ಸಂತೋಷಪಡುವವರೇ. ಆದರೆ ಇದ್ದೂ ಕಾಣದಿರುವುದು ಈ ಬಾಗಿಲಿನ ಗುಣ. ಅದೇ ಅದರ ದೋಷ.

ಕಳೆದ ಬೇಸಗೆಯಲ್ಲಿ ನಮ್ಮ ಬಂಧುಗಳೊಬ್ಬರ ಮೊಮ್ಮಗನು ಅಂಗಳದ ಉರಿಬಿಸಿಲಿನಿಂದ ಓಡಿಬಂದು, ಮುಚ್ಚಿದ್ದ ಗಾಜಿನ ಬಾಗಿಲಿಗೆ ಹಣೆ ಬಡಿದುಕೊಂಡನು. ಗಾಜು ಒಡೆಯಲಿಲ್ಲ, ಹಣೆ ಊದಿತು, ಅಷ್ಟೆ. ಅಜ್ಜಿಯವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ದೇವರ ದಯೆಯೊಡನೆ, ಗಾಜನ್ನು ವಿಚಾರಿಸಿ ಕೊಂಡ ಯಜಮಾನರ ವಿವೇಕವೂ ಅಲ್ಲಿದ್ದಿತು.

ಸಾಧಾರಣ ಗಾಜು ಒಡೆದರೆ ಚೂರಿಯಂತಹ ಉದ್ದನೆಯ ತುಂಡುಗಳಾಗುವುದು. ಅವು ಮಣಿಕಟ್ಟಿನ ಅಥವಾ ಕೊರಳಿನ ರಕ್ತನಾಳವನ್ನು ಕತ್ತರಿಸಿದರೆ ಪ್ರಾಣಕ್ಕೇ ಸಂಚಕಾರ. ವರ್ತಕರು ಟಫನ್ಡ್ ಎನ್ನುವ ಗಾಜನ್ನು 600 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಿ, ಗಾಳಿಯಿಂದ ಥಟ್ಟನೆ ತಣಿಸುವರು. ಅದರ ಬಲವು ಸಾಧಾರಣ ಗಾಜಿನ ನಾಲ್ಕೈದು ಪಟ್ಟು. ಒಡೆದರೂ ಮೊಂಡಾದ ಸಣ್ಣ ಕಾಳುಗಳಾಗಿ ಉದುರುವುದು. ಒಮ್ಮೆ ಹೀಗೆ ಹದವಾದ ಗಾಜನ್ನು ಮತ್ತೆ ಕೊಯ್ಯಲಾಗದು. ಆದುದರಿಂದ ಅಳತೆಯನ್ನು ಮೊದಲೇ ಕೊಡಬೇಕು. ಎರಡು ಹಲಗೆಗಳ ನಡುವೆ ತೆಳುಪೊರೆಯಿಟ್ಟ ಲ್ಯಾಮಿನೇಟೆಡ್ ಗಾಜು ಇನ್ನೊಂದು ಬಗೆ. 1903ರಲ್ಲಿ ಫ್ರಾನ್ಸಿನ ರಸಾಯನಜ್ಞ ಬೆನೆಡಿಕ್ಟಸನ ಗಾಜಿನ ಕುಪ್ಪಿಯೊಂದು ಕೆಳಗೆ ಬಿದ್ದು ಬಿರುಕುಬಿಟ್ಟರೂ ಚದರಲಿಲ್ಲ. ಒಳಗೆ ಒಣಗಿದ್ದ ದ್ರಾವಣದ ಪೊರೆಯು ಚೂರುಗಳನ್ನು ಹಿಡಿದಿದ್ದಿತು. ಈ ಬಗೆಯ ಗಾಜಿನ ಮೂಲವು ಅದೇ.

ನಮ್ಮ ದೇಶದಲ್ಲಿ ಸುರಕ್ಷಾ ಗಾಜಿಗೆ ಐ.ಎಸ್. 2553 ಎಂಬ ಮಾನಕವಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಜಿಗೆಂದೇ ಒಂದು ಪ್ರಕರಣವಿದೆ. ಮನೆ ಕಟ್ಟಿಸುವ ಗೃಹಸ್ಥರು ಗಾಜಿನ ದಪ್ಪವನ್ನೂ ಬೆಲೆಯನ್ನೂ ಕೇಳಿ ಸುಮ್ಮನಾಗದೆ, ಅದರ ಜಾತಿಯನ್ನು ಕೇಳಬೇಕು. ಮೂಲೆಯಲ್ಲಿ ಮಾನಕದ ಮುದ್ರೆಯಿದೆಯೇ ಎಂದು ನೋಡಬೇಕು. ಈಗಾಗಲೇ ಸಾಧಾರಣ ಗಾಜನ್ನು ಕೂಡಿಸಿದ್ದರೆ, ಚೂರುಗಳನ್ನು ಹಿಡಿದಿಡುವ ಸುರಕ್ಷಾ ಪೊರೆಯನ್ನಾದರೂ ಅಂಟಿಸಬೇಕು.

ಎಂತಹ ಗಾಜಾದರೂ ಕಣ್ಣಿಗೆ ಕಾಣುವಂತಿರಬೇಕು. ದೊಡ್ಡವರ ಕಣ್ಣಿನ ಮಟ್ಟಕ್ಕೊಂದು, ಮಕ್ಕಳ ಕಣ್ಣಿನ ಮಟ್ಟಕ್ಕೊಂದು ಬಣ್ಣದ ಪಟ್ಟಿಯಿದ್ದರೆ ಸಾಕು. ದಿನವೂ ಹೊಸ್ತಿಲಿಗೆ ರಂಗೋಲಿಯಿಡುವ ನಮ್ಮ ಗೃಹಿಣಿಯರಿಗೆ ಇದೇನು ದೊಡ್ಡ ಕೆಲಸವಲ್ಲ.