ಐದು ವಾಟಿನ ವಾಚಾಳಿ

ಹಿಂದೆ ದೇವರ ಮನೆಯಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಝೀರೋ ಬಲ್ಬು ನೆನಪಿದೆಯಲ್ಲ? ಹೆಸರಿಗೆ ಝೀರೋ, ತಿನ್ನುತ್ತಿದ್ದುದು ಸುಮಾರು 15 ವಾಟ್. ಅದರ ಮೂರರಲ್ಲೊಂದು ಪಾಲಿನಲ್ಲಿ, ಅಂದರೆ ಬರೀ 5 ವಾಟಿನಲ್ಲಿ, ಬೆಂಗಳೂರಿನ ತಾರಸಿಯಿಂದ ಹುಬ್ಬಳ್ಳಿಯವರ ಜೊತೆ ಮಾತಾಡಬಹುದು, ಆಕಾಶ ಒಲಿದ ರಾತ್ರಿ ಸಮುದ್ರದಾಚೆಗೂ ದನಿ ಮುಟ್ಟಿಸಬಹುದು ಎಂದರೆ ಪಕ್ಕದ ಮನೆಯ ರಾಯರು ನಂಬುವುದಿಲ್ಲ. ಅವರನ್ನು ದೂರುವಂತಿಲ್ಲ. ಅವರ ಮನೆಯ ಮಿಕ್ಸಿಯೇ 500 ವಾಟಿನದು. ಅಷ್ಟು ಅರಚಿಕೊಂಡರೂ ಅದರ ಸದ್ದು ನಮ್ಮ ಮನೆ ದಾಟಿ ಮುಂದೆ ಹೋಗುವುದಿಲ್ಲ.

ಹವ್ಯಾಸಿ ರೇಡಿಯೊದವರಲ್ಲಿ, ಅಂದರೆ ಹ್ಯಾಮ್‌ಗಳಲ್ಲಿ, ನಮ್ಮದೊಂದು ಬಡ ಪಂಗಡ. ನಮಗೆ ಕ್ಯೂಆರ್‌ಪಿಯವರು ಎನ್ನುತ್ತಾರೆ. ಮೋರ್ಸ್ ತಂತಿಯವರ ಸಂಕೇತದಲ್ಲಿ ಅದಕ್ಕೆ ‘ಶಕ್ತಿ ತಗ್ಗಿಸು’ ಎಂದರ್ಥ. ಅಂಗಡಿಯಿಂದ ಬರುವ ಸಾಮಾನ್ಯ ಹ್ಯಾಮ್ ಸೆಟ್ಟು 100 ವಾಟ್ ಕೊಡುತ್ತದೆ. ನಾವು ಮೋರ್ಸಿನಲ್ಲಾದರೆ 5 ವಾಟ್, ಮಾತಿನಲ್ಲಾದರೆ 10 ವಾಟ್ ಮೀರುವುದಿಲ್ಲ ಎಂದು ನಮಗೆ ನಾವೇ ಗೆರೆ ಎಳೆದುಕೊಂಡವರು. ಕಾನೂನು ಹೇಳಿದ್ದಲ್ಲ, ವೈದ್ಯರು ಹೇಳಿದ್ದಂತೂ ಅಲ್ಲ. ಏಕಾದಶಿ ಉಪವಾಸವನ್ನು ಯಾರೂ ಬಲವಂತದಿಂದ ಮಾಡುವುದಿಲ್ಲವಲ್ಲ.

ಇದಕ್ಕೊಬ್ಬ ಗುರುವೂ ಇದ್ದರು, ಅದೂ ನಿಜವಾದ ಪಾದ್ರಿಯೇ. ಇಂಗ್ಲೆಂಡಿನ ರೆವರೆಂಡ್ ಜಾರ್ಜ್ ಡಾಬ್ಸ್ 1974ರಲ್ಲಿ ಜಿ-ಕ್ಯೂಆರ್‌ಪಿ ಕ್ಲಬ್ಬು ಕಟ್ಟಿ, ಸಣ್ಣ ಸಣ್ಣ ರೇಡಿಯೊಗಳನ್ನು ಕೈಯಾರೆ ಮಾಡುವುದನ್ನು ಒಂದು ತಲೆಮಾರಿಗೆ ಕಲಿಸಿದರು. ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ ಡಗ್ ಡಿಮಾ ಎಂಬ ಅಮೆರಿಕದ ಹ್ಯಾಮ್ 1976ರಲ್ಲಿ ಎರಡೇ ಟ್ರಾನ್ಸಿಸ್ಟರಿನ ಟ್ರಾನ್ಸ್‌ಮಿಟರನ್ನು ಟ್ಯೂನಾ ಮೀನಿನ ಖಾಲಿ ಡಬ್ಬಿಯ ಮೇಲೆ ಕಟ್ಟಿ ತೋರಿಸಿದರು. ಅದಕ್ಕೆ ‘ಟ್ಯೂನಾ ಟಿನ್ 2’ ಎಂದೇ ಹೆಸರಾಯಿತು. ಪುಳಿಚಾರಿನವರ ಮನೆಯಲ್ಲಿ ಆ ಡಬ್ಬಿಗೆ ಎಲ್ಲಿಗೆ ಹೋಗಬೇಕು? ನಮ್ಮ ಕಡೆಯವರಿಗೆ ಇಂಗಿನ ಡಬ್ಬಿ ಸಾಕು.

ಈಗ ಸ್ವಲ್ಪ ಲೆಕ್ಕ. 100 ವಾಟಿನಿಂದ 5 ವಾಟಿಗೆ ಇಳಿದರೆ ಶಕ್ತಿ ಇಪ್ಪತ್ತರಲ್ಲೊಂದು ಪಾಲಾಗುತ್ತದೆ. ಕೇಳಲು ಘೋರವಾಗಿದೆ. ಆದರೆ ಕಿವಿಯೂ ರೇಡಿಯೊವೂ ವಾಟಿನ ಲೆಕ್ಕದಲ್ಲಿ ಕೇಳುವುದಿಲ್ಲ, ಡೆಸಿಬೆಲ್ಲಿನ ಲೆಕ್ಕದಲ್ಲಿ ಕೇಳುತ್ತವೆ. ಇಪ್ಪತ್ತು ಪಟ್ಟು ಎಂದರೆ 13 ಡೆಸಿಬೆಲ್. ರಿಸೀವರಿನ ಎಸ್-ಮೀಟರಿನಲ್ಲಿ 6 ಡೆಸಿಬೆಲ್ಲಿಗೆ ಒಂದು ಮನೆ. ಹಾಗಾಗಿ ಆ ಕಡೆಯವರ ಮುಳ್ಳು ಎರಡು ಮನೆ ಕೆಳಗಿಳಿಯುತ್ತದೆ, ಅಷ್ಟೇ. ಒಂಬತ್ತರಲ್ಲಿ ಕೇಳಬೇಕಾದವನು ಏಳರಲ್ಲಿ ಕೇಳುತ್ತಾನೆ. ಈ ಎರಡು ಮನೆಗಾಗಿ ಜನ ಸಾಲ ಮಾಡಿ ದೊಡ್ಡ ಆಂಪ್ಲಿಫೈಯರ್ ತರುತ್ತಾರೆ.

ಕಡಿಮೆ ವಾಟಿನ ಮಾತು ಬಂದರೆ ಕನ್ನಡಿಗರು ಮೈಸೂರಿನ ಕಡೆ ಮುಖ ಮಾಡಿ ಒಮ್ಮೆ ಕೈಮುಗಿಯಬೇಕು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಶುರುಮಾಡಿದಾಗ ಅವರ ಹತ್ತಿರ ಇದ್ದದ್ದು 30 ವಾಟಿನ ಟ್ರಾನ್ಸ್‌ಮಿಟರು. ಅದನ್ನು ‘ಆಕಾಶವಾಣಿ’ ಎಂದು ಕರೆದರು, ಮುಂದೆ ಆ ಹೆಸರು ಇಡೀ ದೇಶದ್ದಾಯಿತು. ಈಗ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗಕ್ಕೆ ಇರುವುದು 200 ಕಿಲೋವಾಟ್. ನನ್ನ ಐದರ ನಲವತ್ತು ಸಾವಿರ ಪಟ್ಟು! ಅವರು ಲಕ್ಷಾಂತರ ಜನಕ್ಕೆ ಒಟ್ಟಿಗೆ ಹೇಳಬೇಕು, ಪಾಪ. ನನಗೆ ಒಬ್ಬ ಕೇಳಿಸಿಕೊಂಡರೆ ಸಾಕು. ಮನೆಯಲ್ಲಂತೂ ಆ ಒಬ್ಬರೂ ಸಿಕ್ಕುವುದು ಕಷ್ಟ.

ಇಂಥ ರೇಡಿಯೊವನ್ನು ಸಿದ್ಧವಾಗಿಯೇ ಕೊಂಡುಬಿಡಬಹುದು. ಆದರೆ ಕಟ್ಟುವುದರಲ್ಲಿರುವ ಹುಚ್ಚು ಕೊಳ್ಳುವುದರಲ್ಲಿಲ್ಲ. ನಮ್ಮ ದೇಶದ ಹವ್ಯಾಸಿಗಳಿಗೆ ಈ ಹುಚ್ಚನ್ನು ಅಗ್ಗದಲ್ಲಿ ಹತ್ತಿಸಿದವರು ಹೈದರಾಬಾದಿನ ಅಶ್ಹರ್ ಫರ್ಹಾನ್. ಈ ಶತಮಾನದ ಆರಂಭದಲ್ಲಿ ಅವರು ‘ಬಿಟ್‌ಎಕ್ಸ್’ ಎಂಬ ಟ್ರಾನ್ಸೀವರಿನ ವಿನ್ಯಾಸ ಮಾಡಿ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟರು. ಅದರ ಗುಟ್ಟು ಎರಡು. ಮೊದಲನೆಯದು, ಮೈಕಿನಿಂದ ಆಂಟೆನಾಕ್ಕೆ ಹೋಗುವ ಸಂಕೇತವೂ ಆಂಟೆನಾದಿಂದ ಸ್ಪೀಕರಿಗೆ ಬರುವ ಸಂಕೇತವೂ ಅದೇ ಫಿಲ್ಟರು, ಅದೇ ಮಿಕ್ಸರುಗಳನ್ನು ಎದುರುಬದುರು ದಿಕ್ಕಿನಲ್ಲಿ ಹಾದುಹೋಗುತ್ತವೆ. ಹಾಗಾಗಿ ಎರಡು ಯಂತ್ರದ ಕೆಲಸ ಒಂದರಲ್ಲೇ ಮುಗಿಯುತ್ತದೆ. ಎರಡನೆಯದು, ಅದರೊಳಗಿನ ಒಂದೊಂದು ಬಿಡಿಭಾಗವೂ ನಮ್ಮೂರಿನ ಅಂಗಡಿಯಲ್ಲಿ ಸಿಗುವಂಥದ್ದು. ಕಾಯಿಲ್ ಸುತ್ತಲು ಬೇಕಾದ ಟೊರಾಯ್ಡ್ ಬಳೆಗಳು ವಿದೇಶದಿಂದ ಬರಬೇಕು, ಎಲ್ಲರ ಕೈಗೂ ಎಟುಕುವುದಿಲ್ಲ ಎಂದು ಅವರು ನಲ್ಲಿಯೊಳಗೆ ಹಾಕುವ ವಾಷರಿನ ಮೇಲೆ ತಂತಿ ಸುತ್ತಿದರು. ಪ್ಲಂಬರಿನ ಅಂಗಡಿಯಿಂದ ರೇಡಿಯೊ ಸಾಮಾನು ತಂದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು? ಆಮೇಲೆ 2016ರಲ್ಲಿ ಅರ್ಧ ಸಿದ್ಧವಾದ ಬೋರ್ಡಾಗಿಯೇ ‘ಬಿಟ್‌ಎಕ್ಸ್40’ ಬಂತು. ಹೈದರಾಬಾದಿನಿಂದ ಹೊರಟ ಆ ಬೋರ್ಡುಗಳು ಅಮೆರಿಕ, ಯುರೋಪಿನ ಮೇಜುಗಳ ಮೇಲೂ ಕೂತವು.

ಬೆಂಗಳೂರಿನವರಿಗೆ ಇನ್ನೊಂದು ಭಾಗ್ಯವಿದೆ, ಎಸ್.ಪಿ. ರೋಡು. ಅಲ್ಲಿ ಒಂದು ರೂಪಾಯಿಯ ರೆಸಿಸ್ಟರ್ ಕೇಳಿದರೆ ಅಂಗಡಿಯವರು ತಲೆಯೆತ್ತದೆ ‘ಎಷ್ಟು ನೂರು?’ ಎನ್ನುತ್ತಾರೆ. ‘ನೂರಲ್ಲ ಸ್ವಾಮಿ, ನಾಲ್ಕು’ ಎಂದಾಗ ಮಾತ್ರ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ. ಆ ನೋಟಕ್ಕೆ ಅಂಜದವನು ಮಾತ್ರ ಹವ್ಯಾಸಿ. ಮನೆಗೆ ಬರುವ ಹೊತ್ತಿಗೆ ನಾಲ್ಕಕ್ಕೆಂದು ಹೋದವನ ಚೀಲದಲ್ಲಿ ನಾನೂರು ಇರುತ್ತವೆ, ಅದು ಬೇರೆ ವಿಚಾರ.

ಕಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಕುಳ್ಳಗಿನ ರೆಸಿಸ್ಟರುಗಳು, ಆಮೇಲೆ ಕೆಪಾಸಿಟರುಗಳು, ಆಮೇಲೆ ಟ್ರಾನ್ಸಿಸ್ಟರುಗಳು, ಆಮೇಲೆ ಎತ್ತರದ ಕಾಯಿಲುಗಳು. ರೆಸಿಸ್ಟರುಗಳಿಗೆ ಬಣ್ಣದ ಪಟ್ಟೆಯೇ ಜಾತಕ. ಕಂದು, ಕಪ್ಪು, ಕೆಂಪು ಎಂದರೆ ಸಾವಿರ ಓಮ್. ಕಂದು, ಕಪ್ಪು, ಕಿತ್ತಳೆ ಎಂದರೆ ಹತ್ತು ಸಾವಿರ. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಅರವತ್ತರ ಕಣ್ಣಿಗೆ, ಕೆಂಪಿಗೂ ಕಿತ್ತಳೆಗೂ ಏನೂ ಭೇದವಿಲ್ಲ, ಅದ್ವೈತ ಸಿದ್ಧಿಸಿಬಿಡುತ್ತದೆ. ಅದಕ್ಕೇ ಮಲ್ಟಿಮೀಟರಿನಲ್ಲಿ ಅಳೆಯದೆ ಒಂದನ್ನೂ ಬೆಸೆಯಬಾರದು. ಕೆಪಾಸಿಟರಿನ ಮೇಲೆ 104 ಎಂದಿದ್ದರೆ ನೂರಾನಾಲ್ಕು ಅಲ್ಲ, ಹತ್ತರ ಮುಂದೆ ನಾಲ್ಕು ಸೊನ್ನೆಯಷ್ಟು ಪೈಕೊಫ್ಯಾರಡ್. ಇಂಥ ಚಿಕ್ಕ ಚಿಕ್ಕ ಸಾಮಾನು ಹಿಡಿಯಲು ಮಡದಿಯ ಹುಬ್ಬು ತಿದ್ದುವ ಚಿಮುಟಕ್ಕಿಂತ ಒಳ್ಳೆಯ ಸಾಧನವಿಲ್ಲ. ತೆಗೆದದ್ದು ಗೊತ್ತಾಗದಂತೆ ಇಡುವ ವಿದ್ಯೆಯನ್ನು ಮಾತ್ರ ಯಾವ ಕಿಟ್ಟಿನ ಪುಸ್ತಕವೂ ಕಲಿಸುವುದಿಲ್ಲ.

ಕಾಯಿಲ್ ಸುತ್ತುವುದು ಒಂದು ಬಗೆಯ ಜಪ. ತಂತಿ ಬಳೆಯ ತೂತಿನೊಳಗೆ ಒಮ್ಮೆ ಹಾದರೆ ಒಂದು ಸುತ್ತು. ಹದಿನೇಳು, ಹದಿನೆಂಟು ಎಂದು ಎಣಿಸುತ್ತಿರುವಾಗಲೇ ಒಳಗಿನಿಂದ ‘ರೀ, ಗ್ಯಾಸಿನವನು ಬಂದಿದ್ದಾನೆ, ಚಿಲ್ಲರೆ ಇದೆಯೇನ್ರೀ?’ ಎಂಬ ದನಿ ಬರುತ್ತದೆ. ಚಿಲ್ಲರೆ ಹುಡುಕಿಕೊಟ್ಟು ಬರುವಷ್ಟರಲ್ಲಿ ಎಣಿಕೆ ಗ್ಯಾಸಿನವನ ಹಿಂದೆಯೇ ಹೊರಟುಹೋಗಿರುತ್ತದೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಒಂದರಿಂದ. ಸುತ್ತಿದ ಮೇಲೆ ತಂತಿಯ ತುದಿಯ ಎನಾಮೆಲ್ ಚೆನ್ನಾಗಿ ಕೆರೆಯಬೇಕು. ಹೊಳೆಯುವ ತಾಮ್ರ ಎಂದು ನಾವು ಕಾಣುವುದು ಅದರ ಮೇಲಿನ ಮೆರುಗೆಣ್ಣೆಯನ್ನು. ಅದನ್ನು ಕೆರೆಯದೆ ಬೆಸೆದರೆ ಸೀಸ ಅಂಟಿದಂತೆ ಕಾಣುತ್ತದೆ, ಕರೆಂಟು ಹರಿಯುವುದಿಲ್ಲ. ಸತ್ತ ಕಿಟ್ಟುಗಳ ಪೋಸ್ಟ್‌ಮಾರ್ಟಂ ಮಾಡಿದರೆ ಅರ್ಧಕ್ಕರ್ಧ ಇಂಥ ಜಾಗದಲ್ಲೇ ಪ್ರಾಣ ಹೋಗಿರುತ್ತದೆ.

ಎಲ್ಲಕ್ಕಿಂತ ಕೊನೆಯಲ್ಲಿ ಕೂರುವವನು ಐಆರ್‌ಎಫ್510 ಎಂಬ ಮಾಸ್ಫೆಟ್. ಹುಟ್ಟಿದ್ದು ಸ್ವಿಚ್ಚಿನ ಕೆಲಸಕ್ಕೆ, ಹೊಟ್ಟೆಪಾಡಿಗೆ ರೇಡಿಯೊದಲ್ಲಿ ಚಾಕರಿ. ನಮ್ಮಲ್ಲಿ ಇಂಜಿನಿಯರಿಂಗ್ ಓದಿ ಬ್ಯಾಂಕಿನಲ್ಲಿ ಕೂತವರಿಲ್ಲವೆ, ಹಾಗೆ. ಇವನೇ ಆ 5 ವಾಟನ್ನೂ ಕೊಡುವವನು. ಅಗ್ಗ, ಬಲಶಾಲಿ, ಆದರೆ ಮುಂಗೋಪಿ. ಹೀಟ್‌ಸಿಂಕ್ ಇಲ್ಲದೆ ದುಡಿಸಿದರೆ, ಆಂಟೆನಾ ಇಲ್ಲದೆ ಮೈಕ್ ಒತ್ತಿದರೆ, ಒಂದು ಮಾತೂ ಆಡದೆ ಸುಟ್ಟುಹೋಗುತ್ತಾನೆ. ಅದಕ್ಕೇ ತಿಳಿದವರು ಮೊದಲು ಆಂಟೆನಾದ ಜಾಗದಲ್ಲಿ 50 ಓಮಿನ ಡಮ್ಮಿ ಲೋಡ್ ಕಟ್ಟಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ಆಕಾಶದ ಮಾತು.

ಆಂಟೆನಾ ಬಲು ಸರಳ. 7 ಮೆಗಾಹರ್ಟ್ಸ್, ಅಂದರೆ ನಲವತ್ತು ಮೀಟರಿನ ಬ್ಯಾಂಡಿಗೆ 66 ಅಡಿ ತಂತಿ, ನಡುವೆ ಕತ್ತರಿಸಿ ಅಲ್ಲಿಂದ ಕೇಬಲ್ ಇಳಿಸಿದರಾಯಿತು. ಮಲೆನಾಡಿನವರಿಗೆ ಎರಡು ಅಡಿಕೆ ಮರ ಸಾಕು. ಊರಿನ ಮಧ್ಯೆ ಇರುವವರು ಒಂದು ತಾರಸಿಯಿಂದ ಇನ್ನೊಂದು ತಾರಸಿಗೆ ಸಂಬಂಧ ಬೆಳೆಸಬೇಕು. ರಾಯರ ಮನೆಯವರು ಇದನ್ನು ಬಟ್ಟೆ ಹರವುವ ತಂತಿ ಎಂದೇ ತಿಳಿದು, ಒಂದು ಬೆಳಿಗ್ಗೆ ಅದರ ಮೇಲೆ ರಾಯರ ಪಂಚೆ ಹರವಿದ್ದರು. ಪಂಚೆಯ ಭಾರಕ್ಕೆ ತಂತಿ ಜೋತುಬಿದ್ದಿತ್ತು. ಆದರೂ ಮಾತು ಹೋಗುತ್ತಿತ್ತು. ಅಂಥ ಸಹನೆ ನನ್ನ ಯಾವ ನೆಂಟರಲ್ಲೂ ಕಂಡಿಲ್ಲ.

ಇನ್ನು ಕೇಳುವ ವಿಷಯಕ್ಕೆ ಬರೋಣ. ಈ ಹರಟೆಯ ಹೂರಣ ಅಲ್ಲೇ ಇರುವುದು. ನೂರು ವಾಟಿನವನು ಬ್ಯಾಂಡಿಗೆ ಬಂದ ಕೂಡಲೇ ಕೂಗಬಹುದು, ನಾಲ್ಕು ಜನ ಓಗೊಡುತ್ತಾರೆ. ಐದು ವಾಟಿನವನಿಗೆ ಆ ಸೌಕರ್ಯವಿಲ್ಲ. ಮೊದಲು ಕೂತು ಕೇಳಬೇಕು. ಯಾರು ಜೋರಾಗಿ ಬರುತ್ತಿದ್ದಾರೆ, ಯಾವ ಊರಿನ ದಾರಿ ತೆರೆದಿದೆ, ಅವರ ಮಾತಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲ ಗಮನಿಸಬೇಕು. ಅವರು ಮಾತು ನಿಲ್ಲಿಸಿದ ಆ ಸಂದಿಯಲ್ಲಿ ತನ್ನ ಕರೆಚಿಹ್ನೆಯನ್ನು ಒಮ್ಮೆ, ಸ್ಪಷ್ಟವಾಗಿ ಹೇಳಿ ಸುಮ್ಮನಾಗಬೇಕು. ಹಗಲಿನಲ್ಲಿ ಅಯಾನುಗೋಲದ ಕೆಳಪದರ ಈ ಅಲೆಗಳನ್ನು ಬಹಳವಾಗಿ ಹೀರಿಕೊಳ್ಳುತ್ತದೆ, ಆಗ ಕೆಲವು ನೂರು ಕಿಲೋಮೀಟರಿನ ಒಳಗಿನ ಸ್ನೇಹ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ, ಮೇಲಿನ ಪದರ ಅಲೆಯನ್ನು ದೂರಕ್ಕೆ ಬಾಗಿಸಿ ಕಳಿಸುತ್ತದೆ. ಯಾವಾಗ ಬಾಯಿ ತೆರೆಯಬೇಕು ಎಂಬುದನ್ನು ಆಕಾಶವೇ ನಿರ್ಧರಿಸುವ ಇಂಥ ಸಭೆ ಬೇರೆ ಎಲ್ಲೂ ಇಲ್ಲ.

ಕೇಳುವವನಿಗೆ ಊರಿನಲ್ಲಿ ಶತ್ರುಗಳು ಬಹಳ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಎಲ್ಲವೂ ಈ ಬ್ಯಾಂಡಿನಲ್ಲಿ ಗೊರಗೊರ ಎನ್ನುತ್ತಲೇ ಇರುತ್ತವೆ. ಹಾಗಾಗಿ ಬೀದಿಗೆ ಬೀದಿಯೇ ಕರೆಂಟು ಹೋದಾಗ ನಮಗೆ ಹಬ್ಬ. ಎಲ್ಲರೂ ಇಲಾಖೆಗೆ ಶಾಪ ಹಾಕುತ್ತ ಬೀಸಣಿಗೆ ಹುಡುಕುವಾಗ ನಾವು ಮೋಂಬತ್ತಿಯನ್ನೂ ಹಚ್ಚದೆ ಹೆಡ್‌ಫೋನಿಗೆ ಓಡುತ್ತೇವೆ. ಯುಪಿಎಸ್ಸಿನ 12 ವೋಲ್ಟಿನ ಸಣ್ಣ ಬ್ಯಾಟರಿ ಈ ರೇಡಿಯೊಗೆ ಧಾರಾಳ. ಗೊರಗೊರ ನಿಂತ ಬ್ಯಾಂಡಿನಲ್ಲಿ ಅಷ್ಟು ಹೊತ್ತು ಅಡಗಿದ್ದ ದನಿಗಳೆಲ್ಲ ಒಂದೊಂದಾಗಿ ಎದ್ದುಬರುತ್ತವೆ. ಕರೆಂಟು ವಾಪಸು ಬಂದಾಗ ‘ಛೆ!’ ಎನ್ನುವವನು ಬೀದಿಗೆ ನಾನೊಬ್ಬನೇ.

ರಾಯರು ಒಮ್ಮೆ ನೇರವಾಗಿಯೇ ಕೇಳಿದರು: ‘ಅಲ್ಲ ಸ್ವಾಮಿ, ಜೇಬಿನಲ್ಲಿ ಮೊಬೈಲಿದೆ. ಹುಬ್ಬಳ್ಳಿ ಏನು, ಹೊನೊಲುಲುವಿಗೆ ಬೇಕಾದರೂ ಮಾತಾಡಬಹುದು. ಇದೇಕೆ?’ ಹವ್ಯಾಸಿಗಳು ಈ ಪ್ರಶ್ನೆಗೆ ಕೂಡಲೇ ಸುನಾಮಿಯನ್ನು ಅಡ್ಡ ಹಿಡಿಯುತ್ತಾರೆ. ನಿಜ, 2004ರ ಡಿಸೆಂಬರಿನಲ್ಲಿ ಅಂಡಮಾನ್ ಹೊರಲೋಕದಿಂದ ಕಡಿದುಹೋದಾಗ, ರೇಡಿಯೊ ಯಾತ್ರೆಗೆಂದು ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಸುದ್ದಿ ದಾಟಿಸಿದ್ದು ಹ್ಯಾಮ್ ರೇಡಿಯೊದಿಂದಲೇ. ದೊಡ್ಡ ಕೆಲಸ. ಆದರೆ ಆ ಪುಣ್ಯದ ಮರೆಯಲ್ಲಿ ನಾನು ಅವಿತುಕೊಳ್ಳಲಾರೆ. ವರ್ಷದ ಮಿಕ್ಕ ದಿನಗಳಲ್ಲಿ ನಾವು ರೇಡಿಯೊ ಮುಂದೆ ಕೂರುವುದು ಶುದ್ಧ ಸುಖಕ್ಕೆ. ಮೊಬೈಲಿನಲ್ಲಿ ಮಾತಾಡುವಾಗ ನಡುವೆ ಟವರಿದೆ, ಕಂಪನಿಯಿದೆ, ತಿಂಗಳ ಬಿಲ್ಲಿದೆ. ಇಲ್ಲಿ ನಾನು ಬೆಸೆದ ತಂತಿ, ಅವರು ಬೆಸೆದ ತಂತಿ, ನಡುವೆ ಆಕಾಶ, ಅಷ್ಟೆ. ಇನ್ನೂ ಒಂದು ಅನುಕೂಲ: ಇಲ್ಲಿ ವ್ಯಾಪಾರ ಮಾತಾಡುವಂತಿಲ್ಲ, ರಾಜಕೀಯ ಎತ್ತುವಂತಿಲ್ಲ. ಹವಾಮಾನ, ಆಂಟೆನಾ, ಮೊಣಕಾಲು ನೋವು, ‘ತಿಂಡಿ ಆಯ್ತಾ?’, ಇಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಜಗಳವಾಡದೆ ಮನುಷ್ಯರು ಇಷ್ಟು ಹೊತ್ತು ಮಾತಾಡುವ ಜಾಗ ಈಗ ಎಷ್ಟು ಉಳಿದಿವೆ, ಹೇಳಿ.

ಇದೆಲ್ಲ ಕೆಲಸವಿಲ್ಲದವರ ಆಟ ಎನ್ನುವವರಿಗೆ ಇನ್ನೊಬ್ಬರ ಹೆಸರು ಹೇಳಬೇಕು. ಅಮೆರಿಕದ ಜೋ ಟೇಲರ್ ದೂರದ ಜೋಡಿ ನಕ್ಷತ್ರವೊಂದರ ಪಲ್ಸಾರ್ ಮಿಡಿತವನ್ನು ಕೇಳಿ ಗುರುತಿಸಿದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಹಂಚಿಕೊಂಡವರು. ಹುಡುಗರಾಗಿದ್ದಾಗಿನಿಂದ ಹ್ಯಾಮ್. 2008ರಲ್ಲಿ ಅವರು ಡಬ್ಲ್ಯುಎಸ್‌ಪಿಆರ್ ಎಂಬ ವಿಧಾನವನ್ನು ಹವ್ಯಾಸಿಗಳಿಗೆ ಕೊಟ್ಟರು. ಅದರಲ್ಲಿ ಒಂದು ವಾಟಿನ ಐದನೇ ಒಂದು ಪಾಲಿನ ಸಂಕೇತವೂ ಸಾವಿರಾರು ಕಿಲೋಮೀಟರ್ ಆಚೆ ಸಿಕ್ಕುತ್ತದೆ. ಕಳಿಸುವ ಕಡೆ ಬಲ ಹೆಚ್ಚಿಸಿದ್ದರಿಂದಲ್ಲ, ಕೇಳುವ ಕಡೆ ತಾಳ್ಮೆ ಹೆಚ್ಚಿಸಿದ್ದರಿಂದ. ಎರಡು ನಿಮಿಷ ಸುಮ್ಮನೆ ಕೂತು ಗದ್ದಲದೊಳಗಿನಿಂದ ಆ ಎಳೆಯನ್ನು ಕಂಪ್ಯೂಟರ್ ಹೆಕ್ಕುತ್ತದೆ. ನಕ್ಷತ್ರವನ್ನು ಕೇಳಿಸಿಕೊಂಡವರಿಗೇ ಹೊಳೆಯಬೇಕಾದ ಉಪಾಯ ಅದು.

ನಿಮಗೂ ಈ ಗೀಳು ಹತ್ತುವ ಲಕ್ಷಣ ಕಂಡರೆ ಒಂದೆರಡು ಮಾತು. 12 ವರ್ಷ ತುಂಬಿದ ಯಾರು ಬೇಕಾದರೂ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆಯಬಹುದು. ಕೇಂದ್ರ ಸರ್ಕಾರದ ಪರವಾನಗಿ ಕೈಗೆ ಬರುವವರೆಗೆ ಟ್ರಾನ್ಸ್‌ಮಿಟರ್ ತರುವುದು, ಮೈಕ್ ಒತ್ತುವುದು ಎರಡೂ ಬೇಡ. ಕೇಳುವ ಅಭ್ಯಾಸವನ್ನು ಆ ಹೊತ್ತಿನಲ್ಲಿ ಮಾಡಿಕೊಳ್ಳಿ. ನಿಮ್ಮ ಹತ್ತಿರ ಈಗಾಗಲೇ ಪರವಾನಗಿಯೂ ನೂರು ವಾಟಿನ ಸೆಟ್ಟೂ ಇದ್ದರೆ ಒಂದು ಸಂಜೆ ಅದರ ಗುಂಡಿ ತಿರುಗಿಸಿ ಐದಕ್ಕೆ ಇಳಿಸಿ ನೋಡಿ. ಬ್ಯಾಂಡಿನಲ್ಲಿ ಯಾವುದಾದರೂ ಬಡಕಲು ದನಿ ತನ್ನ ಕರೆಚಿಹ್ನೆ ಹೇಳುತ್ತಿದ್ದರೆ ದಯವಿಟ್ಟು ಪಕ್ಕಕ್ಕೆ ಸರಿಯದೆ ಉತ್ತರ ಕೊಡಿ. ಇನ್ನು ಕಿಟ್ ತರಿಸುವುದಾದರೆ ಹುಬ್ಬು ತಿದ್ದುವ ಚಿಮುಟವನ್ನೂ ಒಂದು ಬೇರೆಯೇ ಕೊಂಡುಕೊಳ್ಳಿ.