ಮಾವ ಓದದ ಒಂದು ಸಾಲು

ಖಾಡಿ ದಾಟಿ ವಾಶಿಗೆ ರೈಲು ಬಂದದ್ದು 1992ರಲ್ಲಿ. ಅದೇ ವರ್ಷ ನನ್ನ ಸೋದರಮಾವ ಫೋರ್ಟಿನ ಹೋಟೆಲು ಬಿಟ್ಟು ವಾಶಿಯ ಹೋಟೆಲೊಂದರ ಗಲ್ಲಾದಲ್ಲಿ ಬಂದು ಕೂತರು. ಗಿರಾಕಿಗಳ ಜತೆ ಮರಾಠಿ, ಹಿಂದಿ. ಅಡುಗೆಮನೆ ಕಡೆ ತಿರುಗಿದರೆ ತುಳು. ಓದುವುದು ಮಾತ್ರ ಕನ್ನಡ. ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತ ಕನ್ನಡ ಅದು. ಈಗ ನಿವೃತ್ತರು. ಫೋನಿನಲ್ಲಿ ಅಕ್ಷರ ಆದಷ್ಟು ದೊಡ್ಡದು ಮಾಡಿಕೊಂಡು, ಕಂಡದ್ದನ್ನೆಲ್ಲ ಓದುತ್ತಾರೆ.

ಕಳೆದ ವರ್ಷ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಅದಕ್ಕೆ ಕೆಲವು ತಿಂಗಳ ಮೊದಲಷ್ಟೇ ಆರೋಗ್ಯ ವಿಮೆ ಮಾಡಿಸಿದ್ದರು. ವಿಮೆಯ ಜಾಲತಾಣದ ಕನ್ನಡ ಪುಟಗಳನ್ನು ಅನುವಾದಿಸಿದ್ದು ನಾನೇ. ಅದು ಅವರಿಗೆ ಹೆಮ್ಮೆ. "ಪೊರೆಯ ಚಿಕಿತ್ಸೆ ಪಟ್ಟಿಯಲ್ಲಿ ಉಂಟು, ನಾನೇ ಓದಿದೆ" ಎಂದರು. ನಾನೂ ಇನ್ನೊಮ್ಮೆ ನೋಡಲಿಲ್ಲ. ಪರಿಹಾರದ ಅರ್ಜಿ ತಿರಸ್ಕಾರವಾಗಿ ಬಂದಾಗ ಅವರು ಕೇಳಿದ್ದು ಒಂದೇ ಮಾತು: "ನೀನೇ ಬರೆದದ್ದಲ್ಲವಾ?"

ಆ ರಾತ್ರಿ ನನ್ನ ಕಡತ ತೆಗೆದು ನೋಡಿದೆ. ಅನುವಾದ ಸರಿಯಾಗಿಯೇ ಇತ್ತು. "ಮೊದಲ ಎರಡು ವರ್ಷ ಪರಿಹಾರ ಸಿಗದ ಚಿಕಿತ್ಸೆಗಳು" ಎಂಬ ಶೀರ್ಷಿಕೆ. ಅದರ ಕೆಳಗೆ ಪೊರೆ, ಹರ್ನಿಯಾ, ಮೂಲವ್ಯಾಧಿ ಇತ್ಯಾದಿ. ಮರುದಿನ ಅವರ ಮನೆಗೆ ಹೋಗಿ ಅವರದೇ ಫೋನಿನಲ್ಲಿ ಪುಟ ತೆರೆದೆ. ಮೇಲಿನ ಪರಿವಿಡಿಯಲ್ಲಿ "ಚಿಕಿತ್ಸೆಗಳ ಪಟ್ಟಿ" ಒತ್ತಿದೆ. ಪುಟ ಜಿಗಿದು ನಿಂತಿತು. ಪೊರೆ, ಹರ್ನಿಯಾ, ಮೂಲವ್ಯಾಧಿ ಕಾಣಿಸಿದವು. ಶೀರ್ಷಿಕೆ ಮಾತ್ರ ಇಲ್ಲ. ಅದು ಪರದೆಯ ನೆತ್ತಿಗೆ ಅಂಟಿಕೊಂಡಿದ್ದ ಮೆನುವಿನ ಹಿಂದೆ ಅಡಗಿತ್ತು.

ಕನ್ನಡದ ವಾಕ್ಯದಲ್ಲಿ "ಇಲ್ಲ" ಕೊನೆಗೆ ಬರುತ್ತದೆ. ವಾಕ್ಯ ಮುಗಿಯುವವರೆಗೆ ಕಾದರೆ ಸಾಕು. ಪಟ್ಟಿಯಲ್ಲಿ ಹಾಗಲ್ಲ, "ಇಲ್ಲ" ಎನ್ನುವ ಅಧಿಕಾರ ಪೂರ್ತಿ ತಲೆಬರಹದ್ದು. ತಲೆಬರಹ ಹೋದರೆ ನಿಷೇಧದ ಪಟ್ಟಿಯೇ ಭರವಸೆಯ ಪಟ್ಟಿಯಾಗುತ್ತದೆ.

ಇದಾದದ್ದು ಹೇಗೆ ಎಂದು ಹೇಳುತ್ತೇನೆ. ಪುಟ ಸರಿಸಿದರೂ ಮೆನು ಮೇಲೆಯೇ ನಿಲ್ಲಲು ಸಿಎಸ್‌ಎಸ್‌ನಲ್ಲಿ "ಪೊಸಿಷನ್: ಸ್ಟಿಕಿ" ಎಂದು ಬರೆಯುತ್ತಾರೆ. ಪುಟದೊಳಗಿನ ಕೊಂಡಿ ಒತ್ತಿದಾಗ ಬ್ರೌಸರು ಆ ಶೀರ್ಷಿಕೆಯನ್ನು ಪರದೆಯ ತುತ್ತತುದಿಗೆ ತರುತ್ತದೆ. ಆದರೆ ಅಲ್ಲಿ ಮೆನು ಮೊದಲೇ ಕೂತಿರುತ್ತದೆ. ಆದ್ದರಿಂದ "ಇಷ್ಟು ಜಾಗ ಬಿಟ್ಟು ನಿಲ್ಲು" ಎಂದು ಹೇಳಬೇಕು. ಅದಕ್ಕೆ "ಸ್ಕ್ರೋಲ್-ಪ್ಯಾಡಿಂಗ್-ಟಾಪ್" ಎಂಬ ಸೂಚನೆ ಇದೆ. ಈ ತಾಣದಲ್ಲಿ ಅದನ್ನೂ ಬರೆದಿದ್ದರು: 64 ಪಿಕ್ಸೆಲ್. ಇಂಗ್ಲಿಷ್ ಮೆನುವಿನ ಎತ್ತರ ಅಷ್ಟೇ.

ಕನ್ನಡದ ಮೆನು ಅಷ್ಟರಲ್ಲಿ ಹಿಡಿಯುವುದಿಲ್ಲ. "ಹೋಮ್" ಇದ್ದಲ್ಲಿ "ಮುಖಪುಟ", "ಕ್ಲೈಮ್ಸ್" ಇದ್ದಲ್ಲಿ "ಪರಿಹಾರ ಕೋರಿಕೆ", "ಹಾಸ್ಪಿಟಲ್ಸ್" ಇದ್ದಲ್ಲಿ "ಆಸ್ಪತ್ರೆಗಳು". ಒಂದು ಸಾಲು ಎರಡಾಗುತ್ತದೆ. ಅಗಲದ ಜತೆ ಎತ್ತರವೂ ಹೆಚ್ಚು: ಒತ್ತಕ್ಷರ ಕೆಳಗಿಳಿಯುತ್ತದೆ, "ಸ್ತ್ರೀ"ಯಂಥ ಅಕ್ಷರದಲ್ಲಿ ಒತ್ತಿನ ಮೇಲೆ ಒತ್ತು. ಸಾಲುಗಳ ನಡುವೆ ಹೆಚ್ಚು ಜಾಗ ಬಿಡದಿದ್ದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತದೆ. ಮಾವನ ದೊಡ್ಡ ಅಕ್ಷರದಲ್ಲಿ ಮೆನು ಮೂರು ಸಾಲಾಗಿತ್ತು. ಅದರ ಮೇಲೊಂದು ಸೂಚನೆಯ ಪಟ್ಟಿ ಬೇರೆ. ಪುಟ ತೆರೆದ ಮೇಲೆ ಬರುವುದು, ಮುಚ್ಚಿದರೆ ಹೋಗುವುದು. ಹೀಗೆ ಉಬ್ಬಿ ಕುಗ್ಗುವ ವಸ್ತುವಿಗೆ 64 ಎಂಬ ಕಲ್ಲಿನ ಲೆಕ್ಕ.

ನಾನು ಚಿತ್ರ ಸಮೇತ ಬರೆದೆ. ಮೊದಲು ಬಂದ ಉತ್ತರ: "ಕನ್ನಡ ಪದಗಳನ್ನು ಚಿಕ್ಕದು ಮಾಡಿಕೊಡಿ." ಈ ಮಾತು ನನಗೆ ಹೊಸದಲ್ಲ. ಅನುವಾದಕ್ಕೆ ಬರುವ ಎಕ್ಸೆಲ್ ಹಾಳೆಯಲ್ಲಿ ಪುಟ ಕಾಣುವುದಿಲ್ಲ. ಪದ, ಅದರ ಪಕ್ಕ ಅಕ್ಷರಗಳ ಮಿತಿ, ಅಷ್ಟೇ. "ಚಿಕಿತ್ಸೆಗಳ ಪಟ್ಟಿ" ಎಂಬ ಕೊಂಡಿಯೂ ಹಾಗೆ ಹುಟ್ಟಿದ್ದು. ಮೊದಲು "ಪರಿಹಾರವಿಲ್ಲದ ಚಿಕಿತ್ಸೆಗಳು" ಎಂದು ಬರೆದಿದ್ದೆ. ಮಿತಿ ದಾಟಿತೆಂದು ಹಾಳೆ ಕೆಂಪಾಯಿತು. ಕತ್ತರಿಸಿದೆ, ಕತ್ತರಿಸಿದ್ದು "ಇಲ್ಲ"ವನ್ನೇ. ಅಷ್ಟರಮಟ್ಟಿಗೆ ಮಾವನ ಪ್ರಶ್ನೆಗೆ ಉತ್ತರ "ಹೌದು."

ಎರಡನೆಯ ಪ್ರಯತ್ನದಲ್ಲಿ 64ನ್ನು 120 ಮಾಡಿದರು. ಕಂಪ್ಯೂಟರಿನಲ್ಲಿ ಶೀರ್ಷಿಕೆಯ ಮೇಲೆ ಖಾಲಿ ಜಾಗ ಬಿತ್ತು. ಮಾವನ ಫೋನಿನಲ್ಲಿ ಅರ್ಧ ಶೀರ್ಷಿಕೆ ಇನ್ನೂ ಒಳಗೇ. ಕೊನೆಗೆ ಅವರ ತಂಡದ ಯುವಕನೊಬ್ಬ ಸರಿಯಾದ ದಾರಿ ಹಿಡಿದ: ಎತ್ತರವನ್ನು ಊಹಿಸುವುದು ಬಿಟ್ಟು ಅಳೆಯುವುದು. ಬ್ರೌಸರಿನಲ್ಲಿ "ರಿಸೈಜ್ ಅಬ್ಸರ್ವರ್" ಎಂಬ ಕಾವಲುಗಾರನಿದ್ದಾನೆ. ಮೆನುವಿನ ಎತ್ತರ ಬದಲಾದಾಗಲೆಲ್ಲ ಅವನು ತಿಳಿಸುತ್ತಾನೆ. ಆ ಅಳತೆಯನ್ನು ಒಂದು ಸಿಎಸ್‌ಎಸ್ ಚರಾಂಶದಲ್ಲಿ ಬರೆದಿಟ್ಟರೆ ಸ್ಕ್ರೋಲ್-ಪ್ಯಾಡಿಂಗ್ ಅದನ್ನೇ ಓದಿಕೊಳ್ಳುತ್ತದೆ. ಮೆನುವಿನ ಕೆಳಗೆ ಅಂಟಿ ನಿಲ್ಲಬೇಕಾದ ಪಕ್ಕದ ಪರಿವಿಡಿಯೂ ಅದನ್ನೇ ಓದುತ್ತದೆ. ಭಾಷೆ ಬದಲಿಸಿ, ಅಕ್ಷರ ಹಿಗ್ಗಿಸಿ, ಸೂಚನೆ ಮುಚ್ಚಿ, ಲೆಕ್ಕ ತಾನಾಗಿ ಸರಿಹೋಗುತ್ತದೆ. ಜತೆಗೆ ನಾನು ಕೇಳಿದ್ದು ಇನ್ನೊಂದು: ಫೋನು ಅಡ್ಡ ಹಿಡಿದಾಗ ಪರದೆಯ ಎತ್ತರವೇ ಕಡಿಮೆ, ಅಲ್ಲಿ ಮೆನು ಅಂಟುವುದೇ ಬೇಡ, ಪುಟದ ಜತೆ ಸರಿದುಹೋಗಲಿ. ಅದನ್ನೂ ಮಾಡಿದರು.

ಇದು ನಮ್ಮೊಬ್ಬರ ತಕರಾರಲ್ಲ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಇದರ ನೆಂಟ ನಿಯಮವೊಂದಿದೆ: ಕೀಬೋರ್ಡಿನಿಂದ ಪುಟದಲ್ಲಿ ಓಡಾಡುವವರು ಈಗ ನಿಂತಿರುವ ಕೊಂಡಿ ಅಥವಾ ಗುಂಡಿ, ಇಂಥ ಪಟ್ಟಿಗಳ ಹಿಂದೆ ಪೂರ್ತಿ ಮರೆಯಾಗಬಾರದು.

ಈಗ ನಾನು ಕೆಲಸ ಒಪ್ಪುವ ಮುಂಚೆ ಒಂದು ಷರತ್ತು ಹಾಕುತ್ತೇನೆ. ಅನುವಾದ ಪುಟದಲ್ಲಿ ಕೂತ ಮೇಲೆ, ಅಕ್ಷರ ದೊಡ್ಡದು ಮಾಡಿದ ಫೋನಿನಲ್ಲಿ ನನಗೊಮ್ಮೆ ತೋರಿಸಬೇಕು. ಕೆಲವರು ಒಪ್ಪುತ್ತಾರೆ. ಕೆಲವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ.

ಸರಿಯಾದ ಪುಟವನ್ನು ಮಾವನಿಗೆ ತೋರಿಸಿದೆ. ಹೊಸ ಕಣ್ಣಿನಿಂದ ನಿಧಾನವಾಗಿ, ಶೀರ್ಷಿಕೆಯಿಂದಲೇ ಶುರುಮಾಡಿ ಜೋರಾಗಿ ಓದಿದರು. "ಈಗ ಕಾಣ್ತದೆ" ಎಂದರು. ಆಸ್ಪತ್ರೆಗೆ ಕಟ್ಟಿದ ಹಣದ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.