ಕುಕ್ಕರಹಳ್ಳಿಯ ಕೆರೆಯ ಸುತ್ತ

ಮೈಸೂರಿಗೆ ಬರುವ ಪ್ರವಾಸಿಗಳು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ನೋಡಿ, ಸಂಜೆಗೆ ಕನ್ನಂಬಾಡಿಯ ದೀಪಗಳನ್ನು ಕಂಡು ಊರಿಗೆ ಹಿಂದಿರುಗುವುದು ವಾಡಿಕೆ. ವೃದ್ಧರೂ ಮಕ್ಕಳೂ ಆಯಾಸವಿಲ್ಲದೆ ನಡೆಯಬಹುದಾದ ಒಂದು ಕಾಡುದಾರಿ ನಗರದೊಳಗೇ ಇದೆಯೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಹುಣಸೂರು ರಸ್ತೆಗೂ ಬೋಗಾದಿ ರಸ್ತೆಗೂ ನಡುವೆ, ಮಾನಸಗಂಗೋತ್ರಿಗೆ ಹೊಂದಿಕೊಂಡಂತೆ ಇರುವ ಕುಕ್ಕರಹಳ್ಳಿಯ ಕೆರೆಯ ಬಳಸುದಾರಿಯೇ ಅದು.

ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ಒಂದು ಪ್ರಾತಃಕಾಲ ನಾವು ಮನೆಮಂದಿಯೊಡನೆ ಅಲ್ಲಿಗೆ ಹೋಗಿದ್ದೆವು. ಮಂಡಿನೋವಿನ ಅತ್ತೆಯವರು ಮೊದಲು ಒಪ್ಪಲಿಲ್ಲ. “ಬೆಟ್ಟ ಹತ್ತುವ ಕೆಲಸವಿದ್ದರೆ ನೀವೇ ಹೋಗಿಬನ್ನಿ” ಎಂದರು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲವೆಂದು ಭರವಸೆ ಕೊಟ್ಟ ಮೇಲೆ ಹೊರಟರು. ದಾರಿಯು ನಿಜವಾಗಿಯೂ ಸಮತಲವಾದದ್ದು. ಅವಸರವಿಲ್ಲದೆ ನಡೆದು, ಅಲ್ಲಲ್ಲಿ ಕುಳಿತು ಎದ್ದರೂ ಎರಡು ಗಂಟೆಯೊಳಗೆ ಒಂದು ಸುತ್ತು ಮುಗಿಯುವುದು.

ಏರಿಯ ಮೇಲೆ ನಡೆಯುವಾಗ ಒಂದು ಪಕ್ಕಕ್ಕೆ ವಿಸ್ತಾರವಾದ ನೀರು, ದೂರದಲ್ಲಿ ಚಾಮುಂಡಿಬೆಟ್ಟ. ಏರಿಯನ್ನು ದಾಟಿದರೆ ಮರಗಳ ನೆರಳು ಆರಂಭವಾಗುತ್ತದೆ. ಅಲ್ಲಿ ಮಾತನಾಡುವವರೂ ತಾವಾಗಿಯೇ ದನಿ ತಗ್ಗಿಸುತ್ತಾರೆ. ಹೆಜ್ಜಾರ್ಲೆಗಳು ದೋಣಿಗಳಂತೆ ಸಾಲಾಗಿ ತೇಲುತ್ತಿದ್ದವು. ನೀರುಕಾಗೆಗಳು ರೆಕ್ಕೆಗಳನ್ನು ಬಿಡಿಸಿ ಬಿಸಿಲಿಗೆ ಒಡ್ಡಿದ್ದವು. ಹಾವಕ್ಕಿಯೊಂದು ಕತ್ತನ್ನು ಮಾತ್ರ ಮೇಲಕ್ಕೆತ್ತಿ ಈಜಿದಾಗ ಮಕ್ಕಳು ಹಾವೆಂದೇ ಕೂಗಿದರು. ಅತ್ತೆಯವರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರೆಂಬುದನ್ನು ಇಲ್ಲಿ ಹೇಳದೆ ಬಿಡಬಹುದಾಗಿತ್ತು!

“ಇಷ್ಟು ನೀರು ಎಲ್ಲಿಂದ ಬಂತು? ಹತ್ತಿರದಲ್ಲಿ ಹೊಳೆಯೇ ಇಲ್ಲವಲ್ಲ” ಎಂದು ಹಿರಿಯ ಹುಡುಗಿ ಕೇಳಿದಳು. ಈ ಪ್ರಶ್ನೆಗೆ ಉತ್ತರವು ಕೆರೆಗಿಂತಲೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಕಾಲುವೆಯೊಂದನ್ನು ತೋಡಿಸಲು ತೊಡಗಿದರು. ಆ ಕಾರ್ಯವು ಪೂರ್ಣವಾಗಲಿಲ್ಲ. ನದಿ ಬರಲಿಲ್ಲ, ಕಾಲುವೆ ಮಾತ್ರ ಉಳಿಯಿತು. ಆಮೇಲೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ಈ ಕೆರೆಯನ್ನು ಕಟ್ಟಿಸಿದರು. ಕಾವೇರಿಗಾಗಿ ತೋಡಿದ ಕಾಲುವೆಯನ್ನು ಮುಂದೆ ದುರಸ್ತಿಪಡಿಸಿ, ದಾರಿಯುದ್ದಕ್ಕೂ ಬೀಳುವ ಮಳೆಯ ನೀರನ್ನು ಈ ಕೆರೆಗೆ ತರಲು ಉಪಯೋಗಿಸಿಕೊಂಡರು. ನಗರದ ಮನೆಗಳಿಗೆ ಇಲ್ಲಿಂದಲೇ ಕೊಳಾಯಿಗಳ ಮೂಲಕ ನೀರು ಹೋಗುತ್ತಿದ್ದ ಕಾಲವೂ ಇತ್ತು. ಬೆಳಗೊಳದಿಂದ ಯಂತ್ರಗಳ ಬಲದಿಂದ ಕಾವೇರಿಯನ್ನು ಮೇಲೆತ್ತಿ ಊರಿಗೆ ತಂದದ್ದು ಆ ಶತಮಾನದ ಕೊನೆಯ ಮಾತು.

ಹೀಗೆ ಈ ದಂಡೆಯಲ್ಲಿ ನಡೆಯುವವರು, ಬಾರದೆ ಹೋದ ಒಂದು ನದಿಯ ತೀರದಲ್ಲಿಯೇ ನಡೆದಂತಾಯಿತು. ಕುವೆಂಪುರವರು ಈ ಕೆರೆಯ ಬಳಿ ಬಹುಕಾಲ ಸಂಚರಿಸಿದವರು. ಪಕ್ಕದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರೂ ಅವರೇ. ನದಿಯಿಲ್ಲದ ಸ್ಥಳಕ್ಕೆ ನದೀಮೂಲದ ಹೆಸರು! ಆ ಹೆಸರು ನಮಗೆ ಎಂದೂ ಅಸಂಗತವೆನಿಸಿಲ್ಲ.

ಕೆರೆಗೆ ಕಾಲುವೆಯೇ ಪ್ರಾಣವೆಂಬುದನ್ನು ಊರು ಬೆಳೆದಂತೆ ನಾವು ಮರೆತೆವು. ಬಡಾವಣೆಗಳು ಎದ್ದುವು, ಕಾಲುವೆಯು ಅಲ್ಲಲ್ಲಿ ಮುಚ್ಚಿಹೋಯಿತು, ಅಲ್ಲಲ್ಲಿ ಒತ್ತುವರಿಯಾಯಿತು. ಮಳೆಯ ನೀರು ಬರಬೇಕಾದ ಹಾದಿಯಲ್ಲಿ ಮನೆಗಳ ಕೊಳೆನೀರು ಬಂದು, ಕೆರೆಯು ಹಸಿರುಗಟ್ಟಿತು. ವಿಶ್ವವಿದ್ಯಾನಿಲಯದವರೂ ನಗರದ ಹಿತೈಷಿಗಳೂ ಇದನ್ನು ಶುದ್ಧಗೊಳಿಸಲು ಪಟ್ಟ ಪ್ರಯಾಸವು ಅಲ್ಪವಲ್ಲ. ದಂಡೆಗೆ ಕಲ್ಲು ಹಾಸಿ, ದೀಪ ನಿಲ್ಲಿಸಿ, ಆಸನಗಳನ್ನಿಟ್ಟರೆ ಕೆರೆಯ ಉದ್ಧಾರವಾಯಿತೆಂದು ಭಾವಿಸುವವರೂ ಇದ್ದಾರೆ. ಅವರ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಬಾವಿಯ ಸೆಲೆ ಬತ್ತಿದ ಮೇಲೆ ಕಟ್ಟೆಗೆ ಸುಣ್ಣ ಬಳಿಯುವ ಗೃಹಸ್ಥನನ್ನು ಯಾರು ಮೆಚ್ಚುತ್ತಾರೆ?

ಹೋಗಬಯಸುವವರು ಸೂರ್ಯೋದಯಕ್ಕೆ ಹೊರಡುವುದು ಲೇಸು. ಹಕ್ಕಿಗಳಿಗೂ ಮೀನುಗಳಿಗೂ ಪುರಿ, ಬಿಸ್ಕತ್ತು ಎರಚುವ ಅಭ್ಯಾಸ ಬೇಡ. ನೀರಿಗೆ ಅದರಿಂದ ಕೆಡುಕು. ಮಕ್ಕಳು ಜೊತೆಯಲ್ಲಿದ್ದರೆ ಮಳೆ ಬಂದ ಮರುದಿನವೇ ಹೋಗಿ, ನೀರು ಕೆರೆಗೆ ಬಂದು ಸೇರುವ ಮುಖವನ್ನು ಅವರಿಗೆ ತೋರಿಸಬೇಕು. ಕೆಂಪಾಗಿ ಹರಿದು ಬಂದರೆ ಮಣ್ಣು ತೊಳೆದ ಮಳೆನೀರು. ಕಪ್ಪಾಗಿ ನಾರುತ್ತ ಬಂದರೆ ನಮ್ಮ ಮನೆಗಳದ್ದು. ನಾವು ಕಂಡ ದಿನ ಕೆಂಪು ನೀರಿನ ಸಣ್ಣ ಧಾರೆಯೊಂದು ಹುಲ್ಲಿನ ನಡುವೆ ಸರಿದು ಬರುತ್ತಿತ್ತು. ಬೆಳ್ಳಕ್ಕಿಯೊಂದು ಅದರಲ್ಲಿ ನಿಂತು ಮೀನು ಕಾಯುತ್ತಿತ್ತು.